ಬೀಗ ಹಾಕಿದ ಕೋಣೆಯಲ್ಲಿ ಮೇನ್ ಸ್ವಿಚ್

ಬೇಳೆಗೆ ಒಗ್ಗರಣೆ ಹಾಕುವಷ್ಟರಲ್ಲಿ ಫೋನ್ ಬಂತು. ತಾಂಡೂರಿನ ನಂಬರು ಕಂಡದ್ದೇ ಗುರುಬಾಯಿಯ ಹೆಗಲು ಇಳಿಯಿತು.

"ಅಕ್ಕಾರ, ನಾ ಜಯಮ್ಮ ರಿ. ನಳ ಮುಟ್ಟಿದ್ರ ಮತ್ತ ಝುಮ್ ಅನ್ನಾಕತ್ತೈತ್ರಿ."

"ಚಪ್ಪಲಿ ಹಾಕ್ಕೊಂಡ ಮುಟ್ಟವಾ. ಯಾರನ್ನರ ಕಳಸ್ತೀನಿ."

ತಾಂಡೂರಿನದು ಅತ್ತೆ ಬಾಳಿದ ಮನೆ. ಅತ್ತೆ ತೀರಿಕೊಂಡ ಮೇಲೆ ಅದನ್ನು ಜಯಮ್ಮನ ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಗುರುಬಾಯಿ ದೂರದ ಉಪ್ಪಲ್‌ನಲ್ಲಿ ಕುಳಿತೇ ನೋಡಿಕೊಳ್ಳುತ್ತಿದ್ದಳು. ಮಾಳಿಗೆ ಸೋರಿದರೂ ಫೋನ್, ಮೋಟಾರು ಕೆಟ್ಟರೂ ಫೋನ್. "ನಿಂಗ ಮಾತಾಡಾಕ ಬರ್ತೈತಿ, ನೀನ ನೋಡ್ಕೋ" ಎಂದು ಗಂಡ ಅಮೃತಪ್ಪ ಕೈ ತೊಳೆದುಕೊಂಡಿದ್ದ. ಎರಡು ಮನೆಯ ಭಾರ ಅವಳೊಬ್ಬಳ ಕಿವಿಯ ಮೇಲೆ.

ಹೆಪ್ಪಿಗೆ ಮೊಸರು ಕೇಳಲು ಬಂದಿದ್ದ ಪಕ್ಕದ ಮನೆಯ ಶೈಲಶ್ರೀ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಅವಳು ಸರ್ಕಾರಿ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿದ್ದಾಳೆ.

"ಕರೆಂಟ್ ಹೊಡದ್ರ ಚಪ್ಪಲಿ ಹಾಕ್ಕೋ ಅಂತೀಯಲ್ಲ, ಇದ್ಯಾವ ಔಷಧನ ನಿಂದು?"

"ಹಳೇ ಮನಿ, ಹಂಗ ಇರ್ತೈತಿ. ನಮ್ಮತ್ತಿ ಅದ ನಳ ಮುಟ್ಟಿಕೊಂತ ಎಂಬತ್ತ ವರ್ಷ ಬಾಳಿದ್ಲು."

"ನಿಮ್ಮತ್ತಿನ್ನ ಕಂಡು ಕರೆಂಟ ಹೆದರಿರಬೇಕು."

ಗುರುಬಾಯಿಗೂ ನಗು ಬಂತು. ಶೈಲಶ್ರೀಯ ನಗು ಮಾತ್ರ ಬೇಗ ನಿಂತಿತು. "ಅಲ್ಲ, ಮೇನ್ ಸ್ವಿಚ್ ಎಲ್ಲೈತಿ?"

"ಅತ್ತಿ ಕೋಣ್ಯಾಗ."

"ಕೀಲಿ?"

ಗುರುಬಾಯಿ ದೇವರ ಜಗಲಿಯ ಕಡೆ ನೋಡಿದಳು. ಅಲ್ಲಿ ಮೊಳೆಗೆ ತೂಗುತ್ತಿತ್ತು. ಮನೆ ಬಾಡಿಗೆಗೆ ಕೊಟ್ಟರೂ ಒಂದು ಕೋಣೆಗೆ ಬೀಗ ಹಾಕಿ ತಮ್ಮದೆಂದು ಇಟ್ಟುಕೊಳ್ಳುವುದು ಅವರ ಕಡೆಯ ರೂಢಿ.

"ಅಂದ್ರ, ಅಲ್ಲಿ ಯಾರಿಗರ ಕರೆಂಟ್ ಹಿಡದ್ರ, ಬಂದ್ ಮಾಡಾಕ ನೀ ಉಪ್ಪಲ್‌ದಿಂದ ಹೋಗಬೇಕೇನ?"

"ಕೋಣಿ ತಗದು ಕೊಟ್ರ ಅದೂ ಹೋತಂತ ತಿಳಿ."

"ಕೋಣಿ ಯಾರು ಕೇಳ್ಯಾರ? ಸ್ವಿಚ್ ಕೊಡು ಅನ್ನಾಕತ್ತೀನಿ. ಮೊದಲ ಫೋನ್ ಹಚ್ಚಿ ಹೇಳು, ಮೋಟಾರ ಹಚ್ಚಬ್ಯಾಡ, ನಳದ ಹತ್ರ ಹೋಗಬ್ಯಾಡ ಅಂತ. ನಾಳೆ ನೀನ ಹೋಗು. ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ನ ಕರಸು."

ಗುರುಬಾಯಿ ಫೋನೇನೋ ಮಾಡಿದಳು. ಹೋಗುವ ಮನಸ್ಸಿರಲಿಲ್ಲ. ಹಾಸಿಗೆ ಹಿಡಿದ ಅತ್ತೆಯ ಸೇವೆಯನ್ನು ಅವಳು ಮಾಡಿದ್ದು ಆ ಕೋಣೆಯಲ್ಲೇ. ಮಂಚ, ಗಾದಿ, ಔಷಧಿ ಬಾಟಲಿ, ಎಲ್ಲ ಇದ್ದ ಹಾಗೇ ಬಿಟ್ಟು ಬಂದಿದ್ದಳು. ಅತ್ತೆಯ ನೆನಪಿಗೆಂದು ಬೀಗ ಹಾಕಿದ್ದಾಳೆ ಎಂದು ಜನ ಹೊಗಳುತ್ತಿದ್ದರು. ನಿಜವಾಗಿ ಅದನ್ನೆಲ್ಲ ತೆಗೆದು ಹಸನು ಮಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ, ಅಷ್ಟೇ.

ಆದರೂ ಶೈಲಶ್ರೀಯ ಮಾತು ಬಿಡಲಿಲ್ಲ; ಮರುದಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕಾಲು ನೋವಿನಲ್ಲೇ ರೈಲು ಹತ್ತಿದಳು. ತಾಂಡೂರಿನ ಅಂಗಳಕ್ಕೆ ಬಂದವಳು ಹಳೆಯ ರೂಢಿಯಂತೆ ಕಾಲು ತೊಳೆಯಲು ನೇರ ನಳದ ಕಡೆಗೇ ಹೋದಳು.

"ಅಜ್ಜಿ, ಮುಟ್ಟಬ್ಯಾಡ್ರಿ! ಕಡೀತೈತಿ!"

ಜಯಮ್ಮನ ಮಗಳು ಪಿಂಕಿ. ಇನ್ನೂ ಶಾಲೆಗೆ ಸೇರದ ಕೂಸು. ಅವಳ ಪುಟ್ಟ ಕಾಲಲ್ಲಿ ಅಮ್ಮನ ದೊಡ್ಡ ಚಪ್ಪಲಿ. ಎಳೆದುಕೊಂಡು ಓಡಿಬಂದು, ಎರಡನ್ನೂ ಕಳಚಿ ಗುರುಬಾಯಿಯ ಮುಂದೆ ಇಟ್ಟಳು.

"ಇವ ಹಾಕ್ಕೊಂಡ ಮುಟ್ರಿ. ಫೋನ್‌ನ್ಯಾಗಿನ ಅಜ್ಜಿ ಹೇಳ್ಯಾಳ."

ಮಗು ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತಿತ್ತು. ಗುರುಬಾಯಿ ಕೂಸನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿ, ಸೊಂಟದ ಕೀಲಿ ತೆಗೆದು ಕೋಣೆಯ ಬೀಗ ತೆರೆದಳು. ಗಾದಿಗಳನ್ನು ತಾನೇ ಎಳೆದು ಹಾಕಿದಳು. ಮೇನ್ ಸ್ವಿಚ್ ಅವುಗಳ ಹಿಂದೆ ಜೇಡರ ಬಲೆಯಲ್ಲಿತ್ತು.

ಅವಳು ಕರೆಸಿದ ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಅಂಬಣ್ಣ ಅದನ್ನು ಬಂದ್ ಮಾಡಿ ಇಡೀ ಮನೆ ಪರೀಕ್ಷಿಸಿದ. ಮೋಟಾರಿನ ವೈರು ಸುಲಿದು ಪೈಪಿಗೆ ಕರೆಂಟ್ ಹರಿಯುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಕಡಿದಿತ್ತು.

"ಅಂಗಳಕ್ಕ ಪರಸಿ ಕಲ್ಲ ಹಾಸಿದಾಗ ಕಡದಾರ್ರಿ. ಮುಂದ ನಿಂತು ಯಾರು ಮಾಡಿಸಿದ್ರಿ?"

"ನಾನ," ಎಂದಳು ಗುರುಬಾಯಿ. "ಫೋನ್‌ನ್ಯಾಗ."

ಅಂಬಣ್ಣ ವೈರು ಬದಲಿಸಿ ಹೊಸ ಅರ್ಥಿಂಗ್ ಮಾಡಿದ. ಕರೆಂಟ್ ಸೋರಿದ ಕೂಡಲೇ ತಾನಾಗಿ ಬಂದ್ ಆಗುವ ಟ್ರಿಪ್ ಸ್ವಿಚ್ ಕೂರಿಸಿದ. ಮೇನನ್ನು ಪಡಸಾಲೆಯ ಗೋಡೆಗೆ ತಂದ. ಗುರುಬಾಯಿ ಅದನ್ನು ಆರಿಸುವುದು, ಮತ್ತೆ ಹಾಕುವುದು ಹೇಗೆಂದು ಜಯಮ್ಮನ ಕೈಯಿಂದಲೇ ಮಾಡಿಸಿ ನೋಡಿದಳು. ಅಂಬಣ್ಣ ನಳವನ್ನು ಪರೀಕ್ಷಿಸಿ ಕರೆಂಟ್ ಇಲ್ಲವೆಂದ ಮೇಲೆ ಬರಿಗಾಲಲ್ಲೇ ನಳದ ಹತ್ತಿರ ಹೋಗಿ ತಿರುಗಿಸಿದಳು. ನೀರು ತಣ್ಣಗೆ ಬಂತು. ಪಿಂಕಿ ದೂರ ನಿಂತು ಇವಳ ಮುಖವನ್ನೇ ನೋಡುತ್ತಿದ್ದಳು.

"ಕಡೀಲಿಲ್ಲೇನ್ರಿ ಅಜ್ಜಿ?"

"ಇಲ್ಲವಾ. ಬಾ, ಕಾಲ ತೊಳ್ಕೊಳ್ಳೋಣು."

ಊರು ಬಿಟ್ಟು ಬಂದು, ಅಲ್ಲಿನ ಮನೆಯನ್ನು ಬಾಡಿಗೆಗೆ ಕೊಟ್ಟ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ದಣಿವು ಎಲ್ಲರಿಗೂ ಇದೆ. ಆದರೂ ವರ್ಷಕ್ಕೊಮ್ಮೆ ಹೋಗಿ ಕಣ್ಣಾರೆ ನೋಡಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ, ಟ್ರಿಪ್ ಸ್ವಿಚ್ ಹಾಕಿಸಿ. ಕರೆಂಟ್ ಹಿಡಿದವರನ್ನು ಬರಿಗೈಲಿ ಎಳೆಯಬೇಡಿ, ಮೊದಲು ಮೇನ್ ಆರಿಸಿ. ಆ ಮೇನ್ ಆ ಮನೆಯಲ್ಲಿ ಇರುವವರ ಕೈಗೆ ಎಟುಕುತ್ತದೆಯೇ? ಇವತ್ತೇ ಒಂದು ಫೋನ್ ಮಾಡಿ ಕೇಳಿ. ಬೀಗದ ಹಿಂದೆ ಇದ್ದರೆ, ಕೀಲಿ ತೆಗೆದುಕೊಂಡು ನೀವೇ ಹೊರಡಿ.