ಉಗುರುಬೆಚ್ಚಗಿನ ನೀರು

ಕೋಡಿಂಬಾಳದ ಸಂಕಪ್ಪ ಕಡಬದ ಸ್ಟ್ಯಾಂಡಿನಲ್ಲಿ ಜೀಪು ಓಡಿಸುವವನು. ಸಕ್ಕರೆ ಕಾಯಿಲೆ ಏರುತ್ತ ಹೋದಂತೆ ಅವನ ಮುಂದೊಗಲು ಬಿರಿದು, ಬಾತು, ಹಿಂದೆ ಸರಿಯದಷ್ಟು ಬಿಗಿಯಾಯಿತು. ಮೂತ್ರಕ್ಕೆ ನಿಂತರೆ ಹಲ್ಲು ಕಚ್ಚಬೇಕು. ಪುತ್ತೂರಿನ ಡಾಕ್ಟರು ನೋಡಿ, ಆ ತೊಗಲನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ತಲೆ ನರೆತ ಮೇಲೆ ಸುನ್ನತ್! ಸಂಕಪ್ಪ ಮನೆಗೆ ಬಂದವನೇ ಹೆಂಡತಿ ದಮಯಂತಿಯನ್ನು ಒಳಗೆ ಕರೆದ.

"ಸ್ಟ್ಯಾಂಡಿನವರಿಗೆ ಹರ್ನಿಯಾ ಅಂತ ಹೇಳಿದ್ದೇನೆ. ನೀನೂ ಹಾಗೇ ಹೇಳು. ನಿನ್ನ ಅಕ್ಕನಿಗೂ ಗೊತ್ತಾಗುದು ಬೇಡ."

"ಇದೆಲ್ಲ ಹೇಳುವ ವಿಷಯವಾ? ನಂಗೆ ಅಷ್ಟೂ ತಿಳಿಯುದಿಲ್ವಾ?" ಎಂದಳು ದಮಯಂತಿ.

ಆಪರೇಷನ್ ಸಲೀಸಾಗಿಯೇ ಆಯಿತು. ಕಷ್ಟವಿದ್ದದ್ದು ಆಮೇಲೆ. ಸಕ್ಕರೆ ಇರುವವರ ಗಾಯ ಬೇಗ ಕೀವಾಗುತ್ತದೆ, ಕ್ಲೀನಾಗಿ ಇಟ್ಟುಕೊಳ್ಳದಿದ್ದರೆ ಮತ್ತೆ ಇಲ್ಲಿಗೇ ಬರಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಮೊದಲೆರಡು ದಿನ ಬ್ಯಾಂಡೇಜಿಗೆ ನೀರು ತಾಗಬಾರದು. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಸೋಪು ಬೇಡ, ಪೌಡರು ಬೇಡ, ಅರಿಶಿನವಂತೂ ಬೇಡವೇ ಬೇಡ. ತಿಕ್ಕದೆ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸಿ ಮುಲಾಮು ಹಚ್ಚಬೇಕು.

ಬ್ಯಾಂಡೇಜು ಬಿಚ್ಚುವ ದಿನ ಬಟ್ಟೆ ಗಾಯಕ್ಕೆ ಅಂಟಿ ಕೂತಿತ್ತು. ಸ್ವಲ್ಪ ಎಳೆದದ್ದಕ್ಕೇ ಸಂಕಪ್ಪ ಕಿರುಚಿಕೊಂಡ. ದಮಯಂತಿ ಬಚ್ಚಲಿಗೆ ಓಡಿಬಂದು, "ಎಳೀಬೇಡಿ, ನೆನೀಲಿ" ಎಂದು ಚೆಂಬಿನಿಂದ ತೆಳ್ಳಗೆ ನೀರು ಬಿಡುತ್ತ ಕೂತಳು. ಹೊತ್ತು ಕಳೆದ ಮೇಲೆ ಬಟ್ಟೆ ತಾನಾಗಿ ಕಳಚಿತು. ಬಾತುಕೊಂಡು, ಹೊಲಿಗೆಯ ನೂಲು ಹೊತ್ತಿದ್ದ ತನ್ನ ಮೈ ಸಂಕಪ್ಪನಿಗೇ ನೋಡಲಾಗಲಿಲ್ಲ. ಅವಳು ಮುಖ ತಿರುಗಿಸಲಿಲ್ಲ. ಇಷ್ಟು ವರ್ಷ ಬಾಳಿದರೂ ಅವಳ ಮೇಲೆ ಇಂಥ ಪ್ರೀತಿ ಉಕ್ಕಿದ್ದು ಅವನಿಗೆ ನೆನಪಿರಲಿಲ್ಲ.

ದಿನವೂ ಅವಳೇ ನೀರು ಹದಮಾಡಿ ಕೊಟ್ಟಳು. ಒಂದು ಬೆಳಿಗ್ಗೆ ಅವನು ತೊಳೆದುಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ಅವಳ ನಗು ಕೇಳಿತು. ಫೋನಿನಲ್ಲಿ ನರಿಮೊಗರಿನ ಅಕ್ಕ. ಪಾಪ, ನಗಲಿ ಎಂದುಕೊಂಡ.

ಆ ವಾರವೇ ತ್ಯಾಂಪಣ್ಣ ಬಂದರು. ಊರಿನ ಭಜನಾ ಮಂದಿರ ನೋಡಿಕೊಳ್ಳುವ ಹಿರಿಯರು. ಸಂಕಪ್ಪ ಅಲ್ಲಿ ತಾಳ ಹಾಕುವವನು. ಕೊಟ್ಟ ನೀರನ್ನು ಅವರು ಮುಟ್ಟಲಿಲ್ಲ.

"ನೀನು ಸುನ್ನತ್ ಮಾಡಿಸ್ಕೊಂಡದ್ದು ಹೌದಾ ಸಂಕಪ್ಪ?"

"ಯಾರು ಹೇಳಿದ್ದು?"

"ನಿನ್ನ ಷಡ್ಕನೇ ಪೇಟೆಯಲ್ಲಿ ಹೇಳ್ಕೊಂಡು ನಗ್ತಿದ್ದ. ಕೇಳಿದವರು ಬೇರೇನೇ ಮಾತಾಡ್ತಾರೆ. ನೀನು ಜಾತಿ ಬಿಟ್ಟೆ, ಬ್ಯಾರಿ ಮುಸ್ಲಿಮರ ಹುಡುಗಿ ಯಾರೋ ಇದ್ದಾಳೆ ಅಂತೆಲ್ಲ. ಸದ್ಯ ಮಂದಿರಕ್ಕೆ ಬರ್ಬೇಡ."

ಷಡ್ಕನೆಂದರೆ ನರಿಮೊಗರಿನ ಅಕ್ಕನ ಗಂಡ. ಸಂಕಪ್ಪ ಬಾಗಿಲ ಕಡೆ ನೋಡಿದ. ದಮಯಂತಿ ಅಲ್ಲೇ ನಿಂತಿದ್ದಳು.

"ಹಾಗೆಲ್ಲ ಇಲ್ಲ ತ್ಯಾಂಪಣ್ಣ," ಎಂದು ಅವಳು ಮುಂದೆ ಬಂದಳು. "ಸಕ್ಕರೆಯಿಂದ ಆದದ್ದು. ತೊಗಲು ಅಂಟಿ ಮೂತ್ರ ಹೋಗ್ತಿರ್ಲಿಲ್ಲ ಇವರಿಗೆ. ನಾನೇ ಅಲ್ವಾ ದಿನಾ ತೊಳೀಲಿಕ್ಕೆ ನೀರು ಕೊಡುದು? ಬ್ಯಾಂಡೇಜ್ ಬಿಚ್ಚುವಾಗ ಇವರು ಮಕ್ಕಳ ಹಾಗೆ ಅತ್ತರು. ಈಗ್ಲೂ ಬಾತು ಇಷ್ಟು ದಪ್ಪ ಉಂಟು..." ಎಂದು ಬೆರಳು ಸೇರಿಸಿ ತೋರಿಸಿದಳು.

ತ್ಯಾಂಪಣ್ಣ ನೆಲ ನೋಡಿದರು. "ಆಯ್ತಮ್ಮ, ಸಾಕು. ನಾನು ಎಲ್ಲರಿಗೆ ಹೇಳ್ತೇನೆ," ಎಂದು ಎದ್ದು ಹೋದರು.

ಎಲ್ಲರಿಗೂ ಹೇಳುತ್ತಾರೆ! ಸಂಕಪ್ಪನಿಗೆ ಉಟ್ಟ ಲುಂಗಿಯನ್ನು ನಡುಬೀದಿಯಲ್ಲಿ ಯಾರೋ ಕಿತ್ತುಕೊಂಡಂತಾಯಿತು.

"ನಿಮ್ಮ ಮಾನ ಉಳಿಸ್ಲಿಕ್ಕೆ ಅಲ್ವಾ ಹೇಳಿದ್ದು?" ಎಂದಳು ದಮಯಂತಿ.

"ಅಕ್ಕನಿಗೆ ಹೇಳಿದ್ದು ಎಂತಕ್ಕೆ?"

"ನೀವು ಕಿರುಚಿದ ದಿನ ನಂಗೆ ತುಂಬ ಹೆದರಿಕೆ ಆಗಿತ್ತು. ಯಾರಿಗಾದ್ರೂ ಹೇಳ್ದಿದ್ರೆ ಎದೆ ಒಡೀತಿತ್ತು."

"ಹೆದರಿ ಹೇಳಿದವಳು ನಕ್ಕದ್ದೆಂತಕ್ಕೆ? ನೀನು ಕೊಟ್ಟ ನೀರಲ್ಲೇ ತೊಳೀತಾ ನಿನ್ನ ನಗು ಕೇಳಿದ್ದೇನೆ ನಾನು."

ದಮಯಂತಿ ಸೆರಗು ಮುಖಕ್ಕೆ ಒತ್ತಿಕೊಂಡಳು. ಸಂಕಪ್ಪನಿಗೆ ಕರುಣೆ ಬರಬೇಕಿತ್ತು, ಬರಲಿಲ್ಲ.

ಮರುದಿನದಿಂದ ನೀರು ಕಾಯಿಸಿಕೊಳ್ಳುವುದೂ ಅವನೇ, ಹದ ನೋಡಿಕೊಳ್ಳುವುದೂ ಅವನೇ. ಬಚ್ಚಲಿಗೆ ಚಿಲಕ ಹಾಕಿಕೊಂಡ. ಹೊಟ್ಟೆ ಅಡ್ಡ ಬಂದು ಕೆಳಗಿನ ಹೊಲಿಗೆ ಕಾಣದಾದಾಗ ಕ್ಷೌರದ ಕನ್ನಡಿಯನ್ನು ಸ್ಟೂಲಿನ ಮೇಲಿಟ್ಟು ನೋಡಿಕೊಂಡ. ನೂಲುಗಳು ಒಂದೊಂದಾಗಿ ಉದುರಿದವು. ಗಾಯ ಚೊಕ್ಕವಾಗಿ ಮಾಯ್ದಿದೆ ಎಂದು ಡಾಕ್ಟರು ಬೆನ್ನು ತಟ್ಟಿದರು.

ಮಂದಿರಕ್ಕೆ ಬರುವಂತೆ ತ್ಯಾಂಪಣ್ಣ ಹೇಳಿ ಕಳಿಸಿದರು. ಅವನು ಹೋಗಲಿಲ್ಲ, ಜೀಪು ಮಾತ್ರ ಓಡಿಸಿದ. ಸ್ಟ್ಯಾಂಡಿನಲ್ಲಿ ಯಾರಾದರೂ ಗುಟ್ಟಾಗಿ ನಕ್ಕರೆ ಎಂಜಿನ್ ಚಾಲೂ ಮಾಡಿ ಹೊರಟುಬಿಡುತ್ತಿದ್ದ.

ಒಂದು ಸಂಜೆ ಬಚ್ಚಲ ಹೊರಗಿನಿಂದ ದಮಯಂತಿ ಕೇಳಿದಳು, "ಪೂರ್ತಿ ಗುಣ ಆಯ್ತಾ? ನಂಗೊಮ್ಮೆ ಹೇಳ್ಬಾರ್ದಾ?"

"ನಿಂಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ," ಎಂದು ಸಂಕಪ್ಪ ಮೈಮೇಲೆ ನೀರು ಹೊಯ್ದುಕೊಂಡ.