ಹಿಂದಿನ ಸೀಟಿನ ವಾಸನೆ

"ನಿಲ್ಸಿ, ನಿಲ್ಸಿ! ಅತ್ತೆಗೆ ಮತ್ತೆ ವಾಕರಿಕೆ ಬತ್ತಾ ಐತೆ," ಎಂದು ಶಶಿರೇಖ ಹಿಂದಿನ ಸೀಟಿನಿಂದ ಕೂಗಿದಳು.

ಮುನೀಂದ್ರ ಕಾರನ್ನು ರಸ್ತೆಯ ಅಂಚಿಗೆ ಇಳಿಸಿದ. ಬಂಗಾರಪೇಟೆ ಇನ್ನೂ ದೂರವಿತ್ತು. ಅವನ ತಾಯಿ ಚಿಕ್ಕವೆಂಕಟಮ್ಮ ಸೊಸೆಯ ಭುಜ ಹಿಡಿದು ಇಳಿದು, ಮೋರಿಯ ಕಟ್ಟೆಯ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಏನೂ ಬರಲಿಲ್ಲ. ಬೆಳಿಗ್ಗೆಯಿಂದ ಆಕೆ ತಿಂದಿದ್ದೇ ಅರ್ಧ ಇಡ್ಲಿ.

"ಪೆಟ್ರೋಲ್ ವಾಸ್ನೆ ಕಣ್ಲಾ. ಒಟ್ಟೇನೆ ತೊಳಸ್ತದೆ," ಎಂದಳು.

"ಪೆಟ್ರೋಲ್ ಗಾಡೀಲಿ ಪೆಟ್ರೋಲ್ ವಾಸ್ನೆ ಬರ್ದೆ ಸಂಪಿಗೆ ವಾಸ್ನೆ ಬತ್ತದಾ?" ಎಂದ ಮುನೀಂದ್ರ.

"ಇಷ್ಟೊಂದಾ? ನಿಮ್ಗೆ ತಲೆನೋವೂ ಬರಲ್ವಾ?" ಎಂದು ಶಶಿರೇಖ ಕೇಳಿದಳು.

"ಬತ್ತದೆ. ನಾನು ತಡ್ಕಂತೀನಿ."

ಚಿಕ್ಕವೆಂಕಟಮ್ಮನ ಮೂತ್ರಪಿಂಡ ಎರಡೂ ಸೋತಿದ್ದವು. ವಾರಕ್ಕೆ ಎರಡು ಸಲ ಕೋಲಾರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೂದಿಕೋಟೆಯಲ್ಲಿ ಬಸ್ಸು ಹತ್ತಿ ಬಂಗಾರಪೇಟೆಯಲ್ಲಿ ಇನ್ನೊಂದು ಬಸ್ಸಿಗೆ ಬದಲಾಯಿಸಬೇಕಿತ್ತು. ಒಮ್ಮೆ ಆಕೆ ಬಸ್ಸಿನ ಮೆಟ್ಟಿಲಿನಿಂದ ಜಾರಿ, ಕಂಡಕ್ಟರ್ ಹಿಡಿದುಕೊಂಡಿದ್ದರಿಂದ ಉಳಿದಿದ್ದಳು. ಅದಾದ ಮೇಲೆ ಮುನೀಂದ್ರ ಮಾರಿಕುಪ್ಪದಲ್ಲಿ ಈ ಹಳೇ ಕಾರನ್ನು ಕೊಂಡಿದ್ದ. ತಂದ ವಾರದಿಂದಲೇ ಈ ವಾಸನೆಯ ಜಗಳ ಶುರುವಾಗಿತ್ತು.

ಬಂಗಾರಪೇಟೆಯ ಮೆಕ್ಯಾನಿಕ್ ಮುನಿರಾಜನಿಗೆ ಒಂದು ಸಲ ತೋರಿಸಿದ್ದೂ ಆಗಿತ್ತು. "ವಾಸ್ನೆ ಎಲ್ ಬತ್ತದಣ್ಣ, ಮುಂದ್ಲಾಗಾ, ಇಂದ್ಲಾಗಾ?" ಎಂದು ಅವನು ಕೇಳಿದಾಗ ಮುನೀಂದ್ರ ಒಂದು ಗಳಿಗೆ ತಡೆದು "ಮುಂದೆ" ಎಂದಿದ್ದ. ಮುನಿರಾಜ ಬಾನೆಟ್ ಎತ್ತಿ ಪೈಪುಗಳನ್ನೆಲ್ಲ ಬಿಗಿ ಮಾಡಿ ಕಳಿಸಿದ್ದ.

ಮುಂದೆಯೋ ಹಿಂದೆಯೋ ಮುನೀಂದ್ರನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವನಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ.

ಊರಿಗೆಲ್ಲ ಆ ಜ್ವರ ಬಂದ ವರ್ಷ ಅವನಿಗೂ ಬಂದಿತ್ತು. ಮೂಗು ಸತ್ತು ಹೋಗಿತ್ತು. ಎಲ್ಲರಿಗೂ ತಿಂಗಳೊಪ್ಪತ್ತಿನಲ್ಲಿ ಸರಿಹೋಯಿತು. ಅವನೂ ಸರಿಹೋಯಿತು ಎಂದೇ ಹೇಳಿದ. ಹಾಗೆ ಹೇಳದೆ ವಿಧಿಯಿರಲಿಲ್ಲ. ಊರ ಹಾಲಿನ ಡೈರಿಯಲ್ಲಿ ಅವನು ಟೆಸ್ಟರ್. ಕೊಬ್ಬು ಎಷ್ಟಿದೆ ಎಂದು ಮಿಷಿನ್ನು ಹೇಳುತ್ತದೆ, ಹಾಲು ಕೆಟ್ಟಿದೆಯೇ ಎಂದು ಹೇಳಬೇಕಾದ್ದು ಮೂಗು. ಒಬ್ಬರ ಹುಳಿ ಹಾಲು ಬಿದ್ದರೆ ಇಡೀ ಕ್ಯಾನು ಹಾಳು. ಅವನು ದಿನಾ ಬೆಳಿಗ್ಗೆ ಪ್ರತಿ ಪಾತ್ರೆಯ ಮೇಲೂ ಬಗ್ಗಿ, ಉಸಿರೆಳೆದು, "ಉಯ್ಯಿ" ಎಂದು ಕ್ಯಾನಿಗೆ ಸುರಿಸಿಕೊಳ್ಳುತ್ತಿದ್ದ. ಅನುಮಾನ ಬಂದರೆ ಬೆರಳದ್ದಿ ನಾಲಿಗೆಗೆ ಇಟ್ಟು ನೋಡುತ್ತಿದ್ದ. ಹೋದ ಬೇಸಿಗೆಯಲ್ಲಿ ಎರಡು ಕ್ಯಾನು ಹಾಲು ಹುಳಿಯಾಗಿದೆ ಎಂದು ವಾಪಸ್ಸು ಬಂದಾಗ, ಕ್ಯಾನು ತೊಳೆಯುವ ಇಂದ್ರಾಣಿ ಸರಿಯಾಗಿ ತೊಳೆದಿಲ್ಲ ಎಂದು ಎಲ್ಲರೂ ಬೈದಿದ್ದರು. ಮುನೀಂದ್ರ ಮಿಷಿನ್ನು ಒರೆಸುತ್ತಾ ನಿಂತಿದ್ದ.

ಕೋಲಾರದಿಂದ ಮರಳಿದ ಸಂಜೆ, ಅತ್ತೆಯನ್ನು ಮಲಗಿಸಿ, ಶಶಿರೇಖ ಕಾರಿನ ಮ್ಯಾಟುಗಳನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿ ಉಜ್ಜತೊಡಗಿದಳು. ಬಕೆಟ್ಟಿಗೆ ಅರ್ಧ ಬಾಟಲಿ ಫಿನಾಯಿಲ್ ಸುರಿದಿದ್ದಳು. ಘಾಟಿಗೆ ಅವಳ ಕಣ್ಣಲ್ಲೇ ನೀರು ಬರುತ್ತಿತ್ತು, ಕಟ್ಟಿದ್ದ ಕರು ಸೀನುತ್ತಿತ್ತು. ಡೈರಿಯಿಂದ ಬಂದ ಮುನೀಂದ್ರ, ಹೆಂಡತಿ ಪಡುತ್ತಿದ್ದ ಪಾಡು ನೋಡಿ, ಸಮಾಧಾನವಾಗಲಿ ಎಂದು ಒಂದು ಮ್ಯಾಟು ಎತ್ತಿ ಮೂಗಿಗೆ ಹಿಡಿದ.

"ಊಂ, ನೀನೇಳಿದ್ದು ನಿಜಾನೇ. ಇನ್ನೂ ಪೆಟ್ರೋಲ್ ವಾಸ್ನೆ ಒಡೀತದೆ."

ಶಶಿರೇಖಳ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಅವಳು ಬಕೆಟ್ಟನ್ನು ನೋಡಿದಳು, ಅವನನ್ನು ನೋಡಿದಳು.

"ಏನ್ ವಾಸ್ನೆ ಅಂದ್ರಿ?"

ಅವನು ಬಾಯಿ ತೆರೆದ. ಆಗ ಬಕೆಟ್ಟಿನ ಪಕ್ಕದ ಬಾಟಲಿ ಕಂಡಿತು. ಮ್ಯಾಟನ್ನು ಮೆಲ್ಲಗೆ ಕೆಳಗಿಟ್ಟ.

"ಯಾವತ್ತಿಂದ?" ಎಂದು ಕೇಳಿದಳು.

"ಅದೇ, ಜ್ವರ ಬಂತಲ್ಲ. ಅವಾಗ್ನಿಂದ."

"ಅವಾಗ್ನಿಂದಾನಾ! ಮತ್ತೆ ನಾನ್ ಒಗ್ಗರಣೆ ಆಕ್ದಾಗೆಲ್ಲ ಘಮ್ ಅಂತದೆ ಅಂತಿದ್ರಿ?"

"ಚಟಪಟ ಶಬ್ದ ಕೇಳ್ತಿತ್ತಲ್ಲ."

ಅವಳಿಗೆ ನಗು ಬಂತು. ಬಂದಿದ್ದು ಅಲ್ಲೇ ನಿಂತಿತು. "ಅಂಗಾದ್ರೆ ಇಂದ್ರಾಣಕ್ಕನ್ನ ಬೈದ್ರಲ್ಲ, ಅವತ್ತು..."

ಮುನೀಂದ್ರ ಕರುವಿನ ಕಡೆ ಮುಖ ತಿರುಗಿಸಿಕೊಂಡ. ಅವಳು ಸೀರೆ ಕೊಡವಿಕೊಂಡು ಎದ್ದಳು.

"ಅದನ್ ಆಮೇಕೆ ನೋಡಾನ. ಮೊದ್ಲು ಈ ಕಾರು. ಅತ್ತೆ ಅದ್ರಾಗೇ ಓಗ್ಬೇಕಲ್ಲ. ನನ್ ಮೂಗೈತೆ, ನಡೀರಿ."

ಫಿನಾಯಿಲ್ ಘಾಟು ಆರಿದ ಮೇಲೆ, ಮರುದಿನ ಅವಳು ಕಾರಿನ ಸುತ್ತ ಬಗ್ಗಿ ಬಗ್ಗಿ ಮೂಸಿದಳು. ಬಾನೆಟ್ಟಿನ ಕೆಳಗೆ ಏನೂ ಇರಲಿಲ್ಲ. ಚಕ್ರಗಳ ಹತ್ತಿರವೂ ಇಲ್ಲ. ಒಳಗೆ ಹಿಂದಿನ ಸೀಟಿನಲ್ಲಿ ಇತ್ತು, ಆದರೆ ತೀರಾ ಸಣ್ಣಗೆ. "ನಿನ್ನೆ ಈಟೊತ್ಗೆ ತಲೆ ಸಿಡೀತಿತ್ತು," ಎಂದಳು. "ಇವತ್ತು ಇಲ್ವೇ ಇಲ್ಲ ಅನ್ನಂಗೈತೆ. ಯಾಕೆ?"

ಮುನೀಂದ್ರನಿಗೂ ಹೊಳೆಯಲಿಲ್ಲ. ಕಾರು ಕೊಟ್ಟವನನ್ನೇ ಕೇಳೋಣ ಎಂದು ಭಾನುವಾರ ಇಬ್ಬರೂ ಮಾರಿಕುಪ್ಪಕ್ಕೆ ಹೋದರು.

ಕಾರು ಮಾರಿದ ಕುಪ್ಪುಸ್ವಾಮಿ ಹಿಂದೆ ಔಷಧಿ ಅಂಗಡಿಯಲ್ಲಿ ಕಾಂಪೌಂಡರ್ ಆಗಿದ್ದವನು. ತಗಡಿನ ಮಾಡಿನ ಸಾಲುಮನೆಯ ಜಗಲಿಯಲ್ಲಿ ಕೂತಿದ್ದ ಮುದುಕ ಕಾರನ್ನು ಕಂಡು, ಮಗಳು ತವರಿಗೆ ಬಂದಂತೆ ಎದ್ದು ಬಂದ. ವಾಸನೆಯ ಮಾತು ಕೇಳಿ ಅವನ ಮುಖ ಇಳಿಯಿತು.

"ಅಯ್ಯೋ ಕಡವುಳೇ! ದೇವರಾಣೆ ಮೋಸ ಮಾಡಿಲ್ಲ ತಂಬಿ. ಎಂಟು ವರ್ಷ ಇಟ್ಕೊಂಡಿದ್ದೆ, ಒಂದ್ ದಿನ ಕೂಡ ವಾಸನೆ ಬರಲಿಲ್ಲ."

"ನಾವ್ ಸುಳ್ಳೇಳ್ತಾ ಇಲ್ಲ ತಾತ," ಎಂದಳು ಶಶಿರೇಖ. "ಕೋಲಾರಕ್ಕೋಗೋ ದಿನಾನೇ ಜಾಸ್ತಿ."

"ಕೋಲಾರಕ್ಕಾ? ನಾನು ಅಷ್ಟು ದೂರ ಎಲ್ಲಿ ಹೋಗಿದ್ದೆ ಅಮ್ಮಾ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟು, ತಿರುಗಿ ಮನೆ. ಎರಡು ಲೀಟರು, ಮೂರು ಲೀಟರು ಹಾಕಿದ್ರೆ ವಾರ ಬರ್ತಿತ್ತು. ಫುಲ್ ಟ್ಯಾಂಕ್ ನನ್ನ ಜನ್ಮದಲ್ಲೇ ಹಾಕಿಲ್ಲ."

ಶಶಿರೇಖ ಗಂಡನತ್ತ ತಿರುಗಿದಳು. ಡಯಾಲಿಸಿಸ್ಸಿಗೆ ಹೊರಟ ದಿನ, ದಾರಿಯಲ್ಲಿ ನಿಲ್ಲುವಂತಾಗಬಾರದು ಎಂದು ಅವನು ಟ್ಯಾಂಕ್ ತುಂಬಿಸಿಯೇ ಹೊರಡುತ್ತಿದ್ದ. ಟ್ಯಾಂಕ್ ತುಂಬಿದ ದಿನವೇ ವಾಸನೆ ಎಂದು ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಕುಪ್ಪುಸ್ವಾಮಿ ಟೀ ಕುಡಿಸದೆ ಬಿಡಲಿಲ್ಲ.

ಬಂಗಾರಪೇಟೆಯ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದರು. ಮುನಿರಾಜನ ಶೆಡ್ಡು ತಲುಪುವ ಮೊದಲೇ ರಸ್ತೆಯ ಉಬ್ಬೊಂದಕ್ಕೆ ಕಾರು ಕುಲುಕಿತು. "ಬಂತು, ಬಂತು!" ಎಂದು ಹಿಂದೆ ಕೂತಿದ್ದ ಶಶಿರೇಖ ಕೂಗಿದಳು. ಸೀಟಿನ ಮೇಲೆ ಅಂಗೈ ಊರಿ, ಮೂಗು ಹಚ್ಚಿ, ಬಲಗಡೆಯ ಅಂಚು ತೋರಿಸಿದಳು. "ಇಲ್ಲೇ. ಇದ್ರ ಕೆಳ್ಗೇ."

ಶೆಡ್ಡಿನಲ್ಲಿ ಮುನಿರಾಜ ಬಾಯಲ್ಲಿದ್ದ ಬೀಡಿಯನ್ನು ದೂರ ಎಸೆದು ಬಂದು ಸೀಟು ಎತ್ತಿದ. ಕೆಳಗೆ ತಟ್ಟೆಯಗಲದ ಒಂದು ತಗಡಿನ ಮುಚ್ಚಳ. ಅದನ್ನು ಬಿಚ್ಚಿದರೆ ಪೆಟ್ರೋಲ್ ಪಂಪಿನ ತಲೆ, ಅದರ ಸುತ್ತ ಒದ್ದೆ ಮಣ್ಣು. ಪಂಪನ್ನು ಟ್ಯಾಂಕಿಗೆ ಕೂರಿಸುವ ರಬ್ಬರ್ ಬಳೆ ಹಪ್ಪಳದಂತೆ ಒಣಗಿ ಬಿರುಕು ಬಿಟ್ಟಿತ್ತು. ಟ್ಯಾಂಕ್ ತುಂಬಿದ್ದಾಗ ಗಾಡಿ ಕುಲುಕಿದರೆ ಅಲ್ಲಿಂದ ಜಿನುಗುತ್ತಿತ್ತು.

"ಅಲ್ಲಣ್ಣ, ಮುಂದೆ ಬತ್ತದೆ ಅಂದ್ರಲ್ಲ ನೀವು," ಎಂದ ಮುನಿರಾಜ. "ನಾನ್ ಬರೀ ಮುಂದ್ಲಾಗೇ ನೋಡ್ದೆ. ಇದ್ರ ಮೇಲೆ ಕೂತ್ಕಂಡು ಯಾರಾನ ಬೀಡಿ ಅಚ್ಚಿದ್ರೆ ಏನಾಗ್ತಿತ್ತು?"

ಮುನೀಂದ್ರ ಎತ್ತಿಟ್ಟ ಸೀಟನ್ನು ನೋಡಿದ. ಅಮ್ಮ ಕೂರುತ್ತಿದ್ದದ್ದು ಅದೇ ಜಾಗದಲ್ಲಿ. "ನಂಗೆ ವಾಸ್ನೆ ಬರಲ್ಲಪ್ಪ," ಎಂದ. "ಮೂಗು ಓಗಿ ವರ್ಷಗಳಾಯ್ತು. ಸುಮ್ನೆ ಅಂದ್ಬಿಟ್ಟೆ." ಹೆಂಡತಿಯ ಹೊರತು ಇನ್ನೊಬ್ಬರ ಮುಂದೆ ಅವನು ಆ ಮಾತು ಆಡಿದ್ದು ಅದೇ ಮೊದಲು. ಮುನಿರಾಜ "ಓ" ಎಂದು, ಹೊಸ ರಬ್ಬರ್ ತರಲು ಅಂಗಡಿಗೆ ಹೋದ.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಹಾಲು ತಂದವರು ಸಾಲಾಗಿ ನಿಂತಿದ್ದಾಗ ಮುನೀಂದ್ರ ಮೊದಲ ಪಾತ್ರೆಯ ಮುಚ್ಚಳ ತೆಗೆದ. ಬಗ್ಗಲಿಲ್ಲ. ಕಾರ್ಯದರ್ಶಿ ಆಂಜಿನಪ್ಪನನ್ನು ಕರೆದು, ಎಲ್ಲರಿಗೂ ಕೇಳುವಂತೆಯೇ ವಿಷಯ ಹೇಳಿದ. ಹೋದ ಬೇಸಿಗೆಯ ಕ್ಯಾನುಗಳ ವಿಷಯವನ್ನೂ ಹೇಳಿದ. ಆಂಜಿನಪ್ಪ ಕನ್ನಡಕ ತೆಗೆದು ಒರೆಸಿದ.

"ಇಷ್ಟ್ ವರ್ಷ ನಮ್ಗೆಲ್ಲ ಟೋಪಿ ಆಕ್ದಲ್ಲಪ್ಪ," ಎಂದ. ಆಮೇಲೆ, "ಮೀಟಿಂಗಲ್ಲಿ ಏನ್ ಯೋಳ್ತಾರೋ ನೋಡಾನ. ಈಗ್ ನೀನ್ ಮಿಷಿನ್ ನೋಡ್ಕೋ. ಇಂದ್ರಾಣಮ್ಮಾ, ಬಾ ಇಲ್ಲಿ, ಹಾಲು ಮೂಸು."

ಇಂದ್ರಾಣಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಮುನೀಂದ್ರನ ಮುಖ ನೋಡಲಿಲ್ಲ. ಪಾತ್ರೆಯ ಮೇಲೆ ಬಗ್ಗಿ, ನಿಧಾನವಾಗಿ ಉಸಿರೆಳೆದು, "ಉಯ್ಯಿ" ಎಂದಳು.

ಗುರುವಾರ ಮತ್ತೆ ಕೋಲಾರ. ಟ್ಯಾಂಕ್ ತುಂಬಿತ್ತು. ಬೂದಿಕೋಟೆ ದಾಟಿದ ಮೇಲೆ ತೋಟಗಳು ಶುರುವಾದವು.

"ಮಾವಿನ್ ಹೂವು," ಎಂದಳು ಶಶಿರೇಖ, ಮುಂದಿನ ಸೀಟಿನಲ್ಲಿದ್ದ ಗಂಡನ ಕಡೆ ಬಾಗಿ. "ಘಮ್ ಅಂತಾ ಐತೆ."

"ಮಾವಿನ್ ಹೂವಲ್ಲ ಕಣೇ, ಹೊಂಗೆ," ಎಂದಳು ಚಿಕ್ಕವೆಂಕಟಮ್ಮ.

"ಹೊಂಗೆ ಇಷ್ಟ್ ಸಿಹಿಯಾಗಿರ್ತದಾ ಅತ್ತೆ?"

"ಸಿಹಿ ಎಲ್ಲೈತೆ? ಒಸಿ ಒಗರು. ಸರ್ಯಾಗಿ ನೋಡು."

ಮುನೀಂದ್ರ ಎರಡನೇ ಗೇರಿಗೆ ಇಳಿಸಿದ. ಹಿಂದಿನಿಂದ ಬಂದ ಬಸ್ಸು ಹಾರ್ನ್ ಮಾಡಿ ಮುಂದೆ ಹೋಯಿತು. ಅತ್ತೆ ಸೊಸೆಯರ ವಾದ ಮುಗಿಯಲಿಲ್ಲ. ಅವನು ಕಿವಿಗೊಟ್ಟು ಕೇಳುತ್ತಾ, ತೋಟದ ಬೇಲಿಯುದ್ದಕ್ಕೂ ಕಾರನ್ನು ಮೆಲ್ಲಗೆ ನಡೆಸಿದ.