ಐದು ದಿನದ ಕಟ್ಟು

ಕೊಯ್ಲು ಮುಗಿದು ಹೊಲದಲ್ಲಿ ಬರೀ ಕೂಳೆ ನಿಂತಿದ್ದ ಕಾಲ. ಕೂಳೆ ಚುಚ್ಚಿದ ಕಾಲುಗಳು, ಅದರಲ್ಲೂ ಸಕ್ಕರೆ ಕಾಯಿಲೆಯವರ ಮರಗಟ್ಟಿದ ಕಾಲುಗಳು, ಬೆಳಗ್ಗೆ ಎಂಟಕ್ಕೇ ಮೆಡಿಕಲ್ ಕಾಲೇಜಿನ ಡ್ರೆಸ್ಸಿಂಗ್ ಕೋಣೆಯ ಮುಂದೆ ಸಾಲುಗಟ್ಟಿದ್ದವು. ಎಲ್ಲರೂ ಕಾಲು ಡಾಕ್ಟರು ಎಂದೇ ಕರೆಯುವ ಸರ್ಜನ್ನರು ಮೋಟು ಸ್ಟೂಲಿನ ಮೇಲೆ ಕೂತು ಒಂದೊಂದೇ ಕಟ್ಟು ಬಿಚ್ಚಿ, ಉಪ್ಪುನೀರಿನಲ್ಲಿ ತೊಳೆದು, ಸತ್ತ ಚರ್ಮ ಕತ್ತರಿಸಿ, ಹೊಸ ಬ್ಯಾಂಡೇಜು ಸುತ್ತುತ್ತಿದ್ದರು. ನಾಲ್ವರು ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಿದ್ದರು.

"ಚಪ್ಪಲಿ ಯಾಕಜ್ಜ ಹಾಕಲ್ಲ?" ಕೋಣೆಯ ನರ್ಸು ಸಿಸ್ಟರಮ್ಮ ಸಾಲಿನಲ್ಲಿದ್ದ ಮುದುಕನೊಬ್ಬನನ್ನು ಗದರಿದಳು.

"ಕಚ್ಚುತ್ತೆ ಕಣವ್ವ."

"ಕೂಳೆ ಮುತ್ತಿಡುತ್ತಾ?"

ಕಾಲು ಡಾಕ್ಟರು ನಕ್ಕರು. ಇಪ್ಪತ್ತೆರಡು ವರ್ಷ ಅವರು ಹೀಗೆಯೇ ಕೂತವರು. ಅವರ ಪಕ್ಕದಲ್ಲಿ ಕತ್ತರಿ ಹಿಡಿಯಲು ಕಲಿತ ಹುಡುಗರು ಜರ್ನಲ್ಲುಗಳಿಗೆ ಸಂಶೋಧನೆಯ ಪೇಪರ್ ಬರೆದು ಬರೆದು ಪ್ರೊಫೆಸರುಗಳಾದರು, ಇವರ ರಜೆ ಅರ್ಜಿಗೇ ಸಹಿ ಹಾಕುವವರಾದರು. "ಕೈಗುಣಕ್ಕೆ ಅಂಕ ಇಲ್ಲ ಸರ್, ಪೇಪರಿಗಿದೆ" ಎಂದು ಅವರಲ್ಲೊಬ್ಬ ಮುಖದ ಮೇಲೇ ಅಂದಿದ್ದ. ಹೋದ ವರ್ಷ ಬಡ್ತಿಗೆ ಇದೇ ಕೊನೆಯ ಅವಕಾಶ ಎಂದು ನೋಟೀಸು ಬಂದಾಗ ಇವರೂ ಬರೆದರು: ಹನ್ನೊಂದು ರೋಗಿಗಳ ಕಾಲು, ದಿನವೂ ಹೊಸ ಕಟ್ಟು, ಎಲ್ಲವೂ ವಾಸಿ. ಹೊಸತೇನಿಲ್ಲವೆಂದು ಮೂರು ಜರ್ನಲ್ಲುಗಳು ವಾಪಸು ಕಳಿಸಿದವು. ನಾಲ್ಕನೆಯದಕ್ಕೆ ಕಳಿಸುವಾಗ ಹನ್ನೊಂದು ಎಂದಿದ್ದದ್ದು ನಲವತ್ತು ಎಂದಾಯಿತು. ದಿನವೂ ಎಂದಿದ್ದದ್ದು ಐದು ದಿನಕ್ಕೊಮ್ಮೆ ಎಂದಾಯಿತು. ಇದನ್ನು ಯಾರು ಓದುತ್ತಾರೆ, ಬಡ್ತಿ ಕೊಡುವವರು ಎಣಿಸುತ್ತಾರೆ ಅಷ್ಟೆ, ಎಂದುಕೊಂಡಿದ್ದರು. ಅಚ್ಚಾಯಿತು. ಎರಡು ತಿಂಗಳ ಹಿಂದೆ ಪ್ರೊಫೆಸರೂ ಆದರು.

ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಇನ್ನೂ ಮೂವತ್ತಾಗಿರದ ಡಾಕ್ಟರು; ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತ ಮುಖ.

"ಸರ್, ನಿಮ್ಮ ಪೇಪರ್ ಓದಿ ಬಂದೆ. ನಮ್ಮದು ಬೆಟ್ಟದ ಮೇಲಿನ ಆಸ್ಪತ್ರೆ, ಇರೋದೇ ಇಬ್ಬರು ನರ್ಸು. ಐದು ದಿನಕ್ಕೊಮ್ಮೆ ಕಟ್ಟು ಬಿಚ್ಚಿದ್ರೆ ಸಾಕು ಅಂತ ನೋಡಿ ಜೀವ ಬಂದಂಗಾಯ್ತು. ಎಂಟು ಜನಕ್ಕೆ ಹಾಗೇ ಮಾಡಿದ್ವಿ." ಅವಳು ಹೆಗಲ ಚೀಲ ಇಳಿಸಿದಳು. "ಮೂವರ ಕಾಲು ತೆಗೀಬೇಕಾಯ್ತು. ನನ್ನ ಕೈಯಲ್ಲಿ ಏನು ತಪ್ಪಾಯ್ತು, ತೋರಿಸಿಕೊಡಿ ಸರ್."

ಕಾಲು ಡಾಕ್ಟರು ಹಿಡಿದ ಕತ್ತರಿ ಹಿಡಿದಂತೆಯೇ ಉಳಿಯಿತು.

"ಐದು ದಿನವಾ?" ಸಿಸ್ಟರಮ್ಮನೇ ಬಾಯಿಬಿಟ್ಟಳು. "ಯಾರಮ್ಮ ಹೇಳಿದ್ದು? ಒಂದು ದಿನ ತಪ್ಪಿದ್ರೂ ನಮ್ಮ ಡಾಕ್ಟ್ರು ಮೈಮೇಲೆ ಬೀಳ್ತಾರೆ!"

ಡಾಕ್ಟರ್ ಹುಡುಗಿ ಸಿಸ್ಟರಮ್ಮನನ್ನು ನೋಡಿದಳು, ಬೆಂಚಿನ ಮೇಲಿನ ಕಾಲುಗಳನ್ನು ನೋಡಿದಳು, ಕೊನೆಗೆ ಕಾಲು ಡಾಕ್ಟರನ್ನು. ಜರ್ನಲ್ಲಿನವರು ತಪ್ಪು ಅಚ್ಚು ಹಾಕಿದರು ಎಂದುಬಿಟ್ಟರೆ ಈಗಲೂ ಕುರ್ಚಿ ಉಳಿಯುತ್ತದೆ ಎಂದು ಅವರಿಗೆ ಹೊಳೆಯಿತು. ಅದು ಹೊಳೆದದ್ದಕ್ಕೇ ನಾಚಿ ಕತ್ತರಿಯನ್ನು ತಟ್ಟೆಯಲ್ಲಿಟ್ಟರು.

"ಈಗ ಕಟ್ಟಿನಲ್ಲಿ ಎಷ್ಟು ಜನ ಇದ್ದಾರಮ್ಮ?"

"ಇಬ್ಬರು. ನಾಳೆ ಬಿಚ್ಚೋ ದಿನ."

"ಫೋನ್ ಹಚ್ಚು. ಈಗಲೇ ಬಿಚ್ಚಿಸು."

ಅವಳು ಫೋನ್ ಹಚ್ಚಿದಳು; ಬೆಟ್ಟದ ಆಸ್ಪತ್ರೆಯ ನರ್ಸು ಒಪ್ಪಲಿಲ್ಲ. "ಪ್ರೊಫೆಸರ್ರು ಬರೆದಿದ್ದಾರಲ್ಲ ಮೇಡಂ, ಮಧ್ಯೆ ಮುಟ್ಟಬಾರದು ಅಂತ? ಆಮೇಲೆ ನನ್ನ ತಲೆಗೆ ಬರುತ್ತೆ."

ಕಾಲು ಡಾಕ್ಟರು ಫೋನ್ ಇಸಿದುಕೊಂಡರು. "ಬರೆದವನೇ ಮಾತಾಡ್ತಿದ್ದೀನಿ ತಾಯಿ. ಅದು ಸುಳ್ಳು. ಬಡ್ತಿಗೋಸ್ಕರ ಬರೆದೆ. ಬಿಚ್ಚು."

ಒಬ್ಬ ವಿದ್ಯಾರ್ಥಿಯ ಕೈಯಿಂದ ಪೆನ್ನು ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ. ಸಿಸ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಫೋನಿನಲ್ಲಿ ಬಟ್ಟೆ ಕತ್ತರಿಸುವ ಸದ್ದು ಬಂತು.

"ಮೊದಲನೆಯವರದು ಚೆನ್ನಾಗಿದೆ ಸರ್. ಈಯಮ್ಮಂದು... ವಾಸನೆ ಬರ್ತಿದೆ. ಹೆಬ್ಬೆರಳು ಕಪ್ಪಾಗಿದೆ."

"ಪಾದದ ಮೇಲೆ ಕೈಯಿಡು. ಬೆಚ್ಚಗಿದೆಯಾ? ನಾಡಿ ಸಿಗುತ್ತಾ?"

"ಸಿಗ್ತಿದೆ."

"ಬೆರಳು ಹೋಗುತ್ತೆ. ಕಾಲು ಉಳಿಯಬಹುದು. ತೊಳೆ, ದಿನಾ ತೊಳೆ."

ಕಾಲು ಡಾಕ್ಟರು ಫೋನ್ ವಾಪಸು ಕೊಟ್ಟರು. "ನಾನೂ ಬರ್ತೀನಮ್ಮ, ಇವತ್ತೇ. ಆ ಬೆರಳು ನಾನೇ ತೆಗೀತೀನಿ. ಆ ಮೂವರನ್ನೂ ಕಂಡು..."

"ಕಂಡು? ಕಾಲು ಹಚ್ಚಿಕೊಡ್ತೀರಾ?" ಅವಳ ದನಿ ಏರಲಿಲ್ಲ. "ಬೆರಳು ತೆಗೆಯೋದು ನನಗೆ ಬರುತ್ತೆ ಸರ್. ನೀವು ಕೂತು, ಅದು ಸುಳ್ಳು ಅಂತ ಜರ್ನಲ್ಲಿಗೆ ಬರೀರಿ. ಇನ್ನೆಷ್ಟು ಆಸ್ಪತ್ರೆಯಲ್ಲಿ ಓದಿದ್ದಾರೋ."

ಮಧ್ಯಾಹ್ನದ ಬಸ್ಸು ಹಿಡಿಯಲು ಅವಳು ಹೊರಟೇಬಿಟ್ಟಳು.